ಡಿಕ್ಕಿಯ ಸ್ಪಾಯ್ಲರ್ ಬಿಚ್ಚಿದ ಮೇಲೆ ಉಳಿದ ತೂತು: ವೆಲ್ಡಿಂಗಾ, ಪುಟ್ಟಿನಾ?

ಬೆಳ್ಳಿಎಸ್ಟೀಮ್

2006ರ ಮಾರುತಿ ಎಸ್ಟೀಮ್ ಕಾರು, ಸಿಲ್ವರ್ ಮೆಟಾಲಿಕ್. ಹಿಂದಿನ ಮಾಲೀಕರು ಕೂರಿಸಿದ್ದ ಸ್ಪಾಯ್ಲರ್ (ಡಿಕ್ಕಿ ಮೇಲಿನ ರೆಕ್ಕೆ) ಬಿಚ್ಚಿದ ಮೇಲೆ ಡಿಕ್ಕಿ ಡೋರಿನಲ್ಲಿ 8 ಎಂಎಂನ ನಾಲ್ಕು ತೂತು ಉಳಿದಿವೆ. ಬ್ಯಾಡ್ಜ್ ಪಿನ್ನಿನ 3 ಎಂಎಂ ತೂತು ಎರಡು. ಇದಲ್ಲದೆ ಎಡಗಡೆ ಮುಂದಿನ ಫೆಂಡರ್‌ನಲ್ಲಿ ಆಮೇಲೆ ಹಾಕಿಸಿದ್ದ ಆಂಟೆನಾದ ತೂತು, 22 ಎಂಎಂ. ಸ್ಪಾಯ್ಲರ್ ತೂತುಗಳಲ್ಲಿ ಎರಡರ ಅಂಚು ತುಕ್ಕು ಹಿಡಿದು ಸುತ್ತ ಪೇಂಟ್ ಉಬ್ಬಿದೆ. ಮಳೆ ಬಂದರೆ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಲ್ಲುತ್ತೆ.

ಮೂರು ಗ್ಯಾರೇಜಲ್ಲಿ ವಿಚಾರಿಸಿದರೆ ಮೂರು ಉತ್ತರ. ಒಬ್ಬರು ಎಂ-ಸೀಲ್ ತುಂಬಿ ಮೇಲೆ ಪುಟ್ಟಿ ಎಳೆಯೋಣ ಅಂತಾರೆ. ಇನ್ನೊಬ್ಬರು ಗ್ಯಾಸ್ ವೆಲ್ಡಿಂಗ್. ಮೂರನೆಯವರು ಹಿತ್ತಾಳೆ ಬೆಸುಗೆ. ಮನೆಯಲ್ಲಿ ಡ್ರಿಲ್, ನಾಲ್ಕಿಂಚಿನ ಗ್ರೈಂಡರ್ ಇದೆ, ವೆಲ್ಡಿಂಗ್ ಮೆಷಿನ್ ಇಲ್ಲ. ಯಾವುದು ಬಾಳಿಕೆ ಬರುತ್ತೆ? ಎಷ್ಟು ಭಾಗ ನಾನೇ ಮಾಡಿಕೊಳ್ಳಬಹುದು?

ಪಾಯಿಂಟ್‌ಎಂಟು

ಮೂರೂ ಬೇಡ ಸರ್. ಒಂದೊಂದೂ ಯಾಕೆ ಕೆಡುತ್ತೆ ಅಂತ ಮೊದಲು ಹೇಳಿಬಿಡ್ತೀನಿ.

ಎಂ-ಸೀಲ್ ಮತ್ತು ಪುಟ್ಟಿ: ಡಿಕ್ಕಿ ತಗಡಿನ ದಪ್ಪ ಹೆಚ್ಚೂಕಮ್ಮಿ 0.7ರಿಂದ 0.8 ಎಂಎಂ. ತೂತಿನ ಅಂಚಿನಲ್ಲಿ ಅಂಟು ಹಿಡಿದುಕೊಳ್ಳೋಕೆ ಇರೋ ಜಾಗ ಅಷ್ಟೇ. ಡಿಕ್ಕಿ ದಬ್ ಅಂತ ಹಾಕಿದಾಗಲೆಲ್ಲ ಆ ಬಿರಟೆ ಅಲುಗುತ್ತೆ. ಪಾಲಿಯೆಸ್ಟರ್ ಪುಟ್ಟಿ ತೇವ ಹೀರುತ್ತೆ. ಮೇಲೆ ಪೇಂಟ್ ಇದ್ದರೂ ಕೆಳಗಿನ ಮುಖ ಬಯಲಾಗಿರುತ್ತಲ್ಲ, ಡಿಕ್ಕಿಯೊಳಗಿನ ತೇವ ಅಲ್ಲಿಂದ ಹತ್ತಿ ತಗಡಿಗೂ ಪುಟ್ಟಿಗೂ ನಡುವೆ ತುಕ್ಕು ಎಬ್ಬಿಸುತ್ತೆ. ಬಿಸಿಲಿಗೆ ಪುಟ್ಟಿ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತೆ ಬೇರೆ. ಮೊದಲು ನಾಲ್ಕು ಉಂಗುರ ಕಾಣುತ್ತೆ, ಆಮೇಲೆ ನಾಲ್ಕು ಗುಳ್ಳೆ. ಮೇಲೆ ಥಳಕು ಒಳಗೆ ಹುಳುಕು ಅನ್ನೋದು ಇದಕ್ಕೇ ಹೇಳಿದ ಹಾಗಿದೆ.

ಗ್ಯಾಸ್ ವೆಲ್ಡಿಂಗ್: ಕೂಡುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ 8 ಎಂಎಂ ತೂತು ಮುಚ್ಚೋಕೆ ಸುತ್ತ ಅಂಗೈ ಅಗಲ ತಗಡು ಕೆಂಪಗೆ ಕಾಯುತ್ತೆ. ಸ್ಪಾಯ್ಲರ್ ಕೂತಿದ್ದ ಜಾಗ ಚಪ್ಪಟೆ. ಅಲ್ಲಿ ತಗಡು ಹಿಗ್ಗಿ, ಆರಿದ ಮೇಲೆ ಕುಗ್ಗಿ, ಬೆರಳಲ್ಲಿ ಒತ್ತಿದರೆ ಟಕ್ ಟಕ್ ಅನ್ನುತ್ತೆ. ಆ ಅಲೆ ಮುಚ್ಚೋಕೆ ಡಿಕ್ಕಿ ತುಂಬಾ ಪುಟ್ಟಿ ಬಳೀತಾರೆ, ತೂತಿಗಿಂತ ದೊಡ್ಡ ರಗಳೆ.

ಹಿತ್ತಾಳೆ: ಕಾವು ಸ್ವಲ್ಪ ಕಡಿಮೆ, ಆದರೆ ಬಿಳಿಗಾರದ ಫ್ಲಕ್ಸ್ ಗಾಜಿನ ಹಾಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಬಿಸಿನೀರು ಹಾಕಿ ತಂತಿ ಬ್ರಷ್‌ನಲ್ಲಿ ಪೂರ್ತಿ ತೆಗೀದಿದ್ದರೆ ಅದರ ಮೇಲಿನ ಪೇಂಟ್ ನಿಲ್ಲಲ್ಲ. ಇನ್ನೊಂದು, ಒಮ್ಮೆ ಹಿತ್ತಾಳೆ ಹರಿದ ಜಾಗಕ್ಕೆ ಆಮೇಲೆ ಉಕ್ಕಿನ ವೆಲ್ಡಿಂಗ್ ಮಾಡೋಕಾಗಲ್ಲ, ಬಿರುಕು ಬಿಡುತ್ತೆ. ಕತ್ತರಿಸಿಯೇ ತೆಗೀಬೇಕು.

ನಿಮ್ಮ 8 ಎಂಎಂ ತೂತುಗಳಿಗೆ ಸರಿಯಾದದ್ದು ಮಿಗ್, ಅಂದರೆ ಗ್ಯಾಸಿನ ರಕ್ಷಣೆಯಲ್ಲಿ ತೆಳು ವೈರ್ ಕರಗಿಸೋ ಕರೆಂಟ್ ವೆಲ್ಡಿಂಗ್. ಗ್ಯಾರೇಜುಗಳಲ್ಲಿ ‘ಸಿಓಟು ವೆಲ್ಡಿಂಗ್’ ಅಂತ ಕೇಳಿ, ಗೊತ್ತಾಗುತ್ತೆ. ಗೇಟು, ಗ್ರಿಲ್ ಮಾಡೋ ಅಂಗಡಿಯ ಆರ್ಕ್ ರಾಡ್ ಹತ್ತಿರಾನೂ ಸುಳಿಯೋದು ಬೇಡ, 8 ಎಂಎಂ ತೂತು 20 ಎಂಎಂ ಆಗಿ ವಾಪಸ್ ಬರುತ್ತೆ.

ಕೆಲಸ ಹೀಗೆ ಮಾಡಿಸಿ. ತೂತಿನ ಸುತ್ತ ಎರಡೂ ಮುಖದಲ್ಲಿ 25 ಎಂಎಂ ವರೆಗೆ ಪೇಂಟ್, ಪ್ರೈಮರ್, ತುಕ್ಕು ಎಲ್ಲ ತೆಗೆದು ತಗಡು ಬೆಳ್ಳಗೆ ಹೊಳೀಬೇಕು. ಅಂಚಿನ ತಗಡು ತುಕ್ಕು ತಿಂದು ತೆಳ್ಳಗಾಗಿದ್ದರೆ ಡ್ರಿಲ್ ಹಾಕಿ ಗಟ್ಟಿ ತಗಡು ಸಿಗೋವರೆಗೆ ತೂತನ್ನೇ ದೊಡ್ಡದು ಮಾಡಿ. 10 ಎಂಎಂ ಆದರೂ ಚಿಂತೆಯಿಲ್ಲ, ತುಕ್ಕಿನ ಮೇಲೆ ವೆಲ್ಡ್ ಕೂರಲ್ಲ, ಪಟ ಪಟ ಸಿಡಿದು ಗುಳ್ಳೆ ಬೀಳುತ್ತೆ. ಅದೇ ದಪ್ಪದ ತಗಡಿನಿಂದ ತೂತಿಗೆ ಸರಿಯಾಗಿ ಕೂರೋ ಬಿಲ್ಲೆ ಕತ್ತರಿಸಿ. ಕೆಲವರು ದಪ್ಪ ಮೊಳೆಯ ತಲೆ ಕತ್ತರಿಸಿ ಕೂರಿಸ್ತಾರೆ. ಮೊಳೆ ಕಾಯೋಷ್ಟರಲ್ಲಿ ತೆಳು ತಗಡು ಉರಿದುಹೋಗುತ್ತೆ, ಅದಕ್ಕೇ ಬೇಡ ಅನ್ನೋದು.

ಹಿಂದುಗಡೆ ತಾಮ್ರ ಒತ್ತಿ ಹಿಡೀಬೇಕು. ಹಳೇ ಫ್ರಿಜ್ ಅಥವಾ ಎಸಿಯ ತಾಮ್ರದ ಪೈಪ್ ಬಡಿದು ಚಪ್ಪಟೆ ಮಾಡಿದರೆ ಸಾಕು. ಕರಗಿದ ಉಕ್ಕು ತಾಮ್ರಕ್ಕೆ ಅಂಟಲ್ಲ, ಕಾವನ್ನೂ ಅದು ಎಳ್ಕೊಳ್ಳುತ್ತೆ. 0.8 ಎಂಎಂ ವೈರ್ (0.6 ಸಿಕ್ಕರೆ ಇನ್ನೂ ಒಳ್ಳೇದು), ಆರ್ಗಾನ್ ಮಿಶ್ರಣದ ಗ್ಯಾಸ್, 40ರಿಂದ 60 ಆಂಪಿಯರ್. ಒಂದೊಂದು ಚುಕ್ಕೆಗೆ ಅರ್ಧದಿಂದ ಒಂದು ಸೆಕೆಂಡ್, ಎದುರುಬದುರು ಜಾಗದಲ್ಲಿ. ಕೈ ಇಟ್ಟರೆ ಸುಡದ ಹಾಗೆ ಆರಿದ ಮೇಲೆ ಮುಂದಿನ ಚುಕ್ಕೆ. ಗಡಿಬಿಡಿ ಮಾಡಿ ಒಂದೇ ಉಸಿರಿಗೆ ಸುತ್ತು ಮುಗಿಸಿದರೆ ಗ್ಯಾಸ್ ವೆಲ್ಡಿಂಗಿಗೂ ಇದಕ್ಕೂ ವ್ಯತ್ಯಾಸ ಇರಲ್ಲ.

3 ಎಂಎಂ ತೂತಿಗೆ ಬಿಲ್ಲೆ ಬೇಡ. ಸಣ್ಣ ಗುಂಡು ತಲೆಯ ಸುತ್ತಿಗೆಯಲ್ಲಿ ಅಂಚನ್ನು ಅರ್ಧ ಎಂಎಂ ಒಳಗೆ ತಗ್ಗಿಸಿ, ಹಿಂದೆ ತಾಮ್ರ ಕೊಟ್ಟು ಒಂದೆರಡು ಚುಕ್ಕೆ. ವೆಲ್ಡ್ ತಗ್ಗಿನಲ್ಲೇ ಉಳಿಯೋದರಿಂದ ಉಜ್ಜೋ ಕೆಲಸವೂ ಕಮ್ಮಿ.

ಉಜ್ಜೋವಾಗ ಹುಷಾರು. 80 ನಂಬರ್ ಫ್ಲಾಪ್ ಡಿಸ್ಕ್, ವೆಲ್ಡಿನ ಗುಬ್ಬಿಯ ಮೇಲೆ ಮಾತ್ರ. ಪಕ್ಕದ ತಗಡು ಸವೆದು 0.4ಕ್ಕೆ ಇಳಿದರೆ ಅದನ್ನು ಯಾರೂ ವಾಪಸ್ ಕೊಡಲ್ಲ. ಕೊನೆಗೆ ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಬಿಡಿ. ಸೂಜಿ ಮೊನೆಯಷ್ಟು ಬೆಳಕು ಕಂಡರೂ ಇನ್ನೊಂದು ಚುಕ್ಕೆ ಹಾಕಿಸಿ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಅರ್ತ್ ಕ್ಲಾಂಪ್ ಅದೇ ಪ್ಯಾನಲ್ಲಿಗೆ ಹಾಕಬೇಕು. ಡಿಕ್ಕಿ ಡೋರನ್ನೇ ಬಿಚ್ಚಿ ಗ್ಯಾರೇಜಿಗೆ ಕೊಟ್ಟರೆ ಈ ತಲೆನೋವೇ ಇಲ್ಲ, ಹಿಂಜಿನ ನಾಲ್ಕು ಬೋಲ್ಟ್ ಮತ್ತೆ ವೈರಿಂಗ್. ಬಿಚ್ಚೋ ಮುಂಚೆ ಹಿಂಜಿನ ಸುತ್ತ ಮಾರ್ಕರಿನಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಕೂರಿಸುವಾಗ ಗ್ಯಾಪ್ ಹೊಂದಲ್ಲ.

ಜೆಸಿರೋಡ್_ಗಿರಾಕಿ

ಮೇಲಿನವರು ಹೇಳಿದ್ದು ಡಿಕ್ಕಿಗೆ ಸರಿ. ಫೆಂಡರ್ ವಿಷಯದಲ್ಲಿ ನನ್ನ ಮಾತು ಬೇರೆ: ಅದನ್ನು ರಿಪೇರಿ ಮಾಡಲೇಬೇಡಿ ಗುರು, ಬದಲಾಯಿಸಿ. ಮುಂದಿನ ಫೆಂಡರ್ ಬೋಲ್ಟಿನಲ್ಲಿ ಕೂತಿರೋದು, ಬಾಡಿಗೆ ವೆಲ್ಡ್ ಆಗಿಲ್ಲ. ಬಂಪರ್ ಸಡಿಲಿಸಿ, ಇಂಡಿಕೇಟರ್ ಮತ್ತು ಒಳಗಿನ ಪ್ಲಾಸ್ಟಿಕ್ ತೆಗೆದರೆ 10 ನಂಬರ್ ಸ್ಪ್ಯಾನರಿನಲ್ಲಿ ಬಿಚ್ಚಿಬರುತ್ತೆ. ಬಾಗಿಲು ತೆರೆದರೆ ಹಿಂಜಿನ ಹತ್ತಿರ ಕಾಣೋ ಬೋಲ್ಟ್ ಒಂದನ್ನು ಮರೆತು ಎಳೆದು ಸೊಟ್ಟ ಮಾಡೋರು ಜಾಸ್ತಿ, ಅದನ್ನು ಮೊದಲು ನೋಡಿ. ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ ವಿಚಾರಿಸಿ. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಹಳೇದು ಕೊಳ್ಳೋದಾದರೆ ಅಯಸ್ಕಾಂತ ಜೇಬಲ್ಲಿ ಇಟ್ಕೊಂಡು ಹೋಗಿ. ಎಲ್ಲಿ ಗಟ್ಟಿ ಹಿಡಿಯಲ್ವೋ ಅಲ್ಲಿ ಕೆಳಗೆ ಪುಟ್ಟಿ ದಪ್ಪಗಿದೆ ಅಂತ ಅರ್ಥ. ಹೊಸ ಫೆಂಡರ್ ಕಪ್ಪು ಕೋಟಿಂಗಿನಲ್ಲಿ ಬರುತ್ತೆ, ಅದನ್ನು ಪೂರ್ತಿ ಕಿತ್ತುಹಾಕಬೇಡಿ. 320 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ ಮ್ಯಾಟ್ ಮಾಡಿ, ಮೇಲೆ ಪ್ರೈಮರ್.

ಫೆಂಡರ್ ಸಿಗಲೇ ಇಲ್ಲ ಅಂದರೆ 22 ಎಂಎಂ ತೂತನ್ನು ವೆಲ್ಡಿಂಗ್ ಇಲ್ಲದೆ ಮುಚ್ಚಬಹುದು, ಅದನ್ನು ನೀವೇ ಮಾಡಬಹುದು. ತಗಡಿನ ಪಟ್ಟಿ, ಅಗಲ 20 ಎಂಎಂಗಿಂತ ಕಮ್ಮಿ ಇದ್ದರೆ ತೂತಿನೊಳಗೇ ಓರೆಯಾಗಿ ತೂರಿಸಬಹುದು, ಆದರೆ ಬದಿಗಳಲ್ಲಿ ಸಂದಿ ಉಳಿಯುತ್ತೆ. ಫೆಂಡರಿಗೆ ಚಕ್ರದ ಕಡೆಯಿಂದ ಕೈ ಹೋಗುತ್ತಲ್ಲ, 50 ಎಂಎಂ ಚೌಕದ ತುಂಡನ್ನೇ ಹಿಂದಿನಿಂದ ಕೂರಿಸಿ. ಮೂಲೆಗಳನ್ನು ಅರದಲ್ಲಿ ಗುಂಡಗೆ ಮಾಡಿ, ಫೆಂಡರಿನ ಬಾಗಿಗೆ ಹೊಂದೋ ಹಾಗೆ ಮೊಣಕಾಲ ಮೇಲೆ ಬಗ್ಗಿಸಿ. ಅಂಟು ಕೂಡೋ ಎರಡೂ ಮುಖ (ತುಂಡಿನದು, ಫೆಂಡರಿನ ಒಳಗಡೆಯದು) 80 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಮಧ್ಯೆ 3 ಎಂಎಂ ತೂತು ಕೊರೆದು ತಂತಿ ಕಟ್ಟಿ. ಅಂಟು ಬಳಿದು ಹಿಂದಿನಿಂದ ಕೂರಿಸಿ, ಹೊರಗಡೆ ಅಡ್ಡ ಇಟ್ಟ ಕಡ್ಡಿಗೆ ತಂತಿ ತಿರುಚಿ ಬಿಗಿಮಾಡಿ. ಅಂಟು ಅಂಚಿನಿಂದ ಸುತ್ತಲೂ ಸ್ವಲ್ಪ ಹೊರಬರೋ ಅಷ್ಟು ಬಿಗಿ ಸಾಕು. ಪೂರ್ತಿ ಹಿಂಡಿಬಿಟ್ಟರೆ ನಡುವೆ ಅಂಟೇ ಉಳಿಯಲ್ಲ.

ಅಂಟು ಅಂದರೆ ಕಾರ್ ಬಾಡಿಗೇ ಬರೋ ಎರಡು ಭಾಗದ ಎಪಾಕ್ಸಿ ಪ್ಯಾನಲ್ ಬಾಂಡ್. ಅದು ಸಿಗದಿದ್ದರೆ ನಿಧಾನಕ್ಕೆ ಗಟ್ಟಿಯಾಗೋ ಮಾಮೂಲಿ ಆರಾಲ್ಡೈಟ್, 24 ಗಂಟೆ ಮುಟ್ಟದೆ ಬಿಡಬೇಕು. ಐದು ನಿಮಿಷದ್ದು ಬೇಡ, ಬಿಸಿಲಲ್ಲಿ ನಿಂತ ಕಾರಿನ ತಗಡು ಕಾದಾಗ ಅದು ಮೆತ್ತಗಾಗುತ್ತೆ. ಅಲ್ಯೂಮಿನಿಯಂ ಪಾಪ್ ರಿವೆಟ್ ಹೊಡೆದು ‘ಭದ್ರ’ ಮಾಡೋ ಆಸೆಯನ್ನೂ ಬಿಡಿ. ಉಕ್ಕು, ಅಲ್ಯೂಮಿನಿಯಂ ಒಟ್ಟಿಗಿದ್ದು ನೀರು ಸೇರಿದರೆ ರಿವೆಟ್ ಬಿಳಿ ಪುಡಿಯಾಗಿ ತಿಂದುಹೋಗುತ್ತೆ, ಮೇಲಿನ ಪೇಂಟ್ ಎಬ್ಬಿಸುತ್ತೆ.

ಆರಿದ ಮೇಲೆ ತಂತಿ ಕತ್ತರಿಸಿ. ಹೊರಗಡೆ ಒಂದು ತಗಡಿನ ಆಳದಷ್ಟು ತಗ್ಗು ಉಳಿದಿರುತ್ತೆ. ಅಲ್ಲಿಗೆ ಪುಟ್ಟಿ ಧಾರಾಳವಾಗಿ ಹಾಕಿ, ಈಗ ಅದಕ್ಕೆ ಹಿಂದೆ ಗೋಡೆ ಇದೆ.

ಬಣ್ಣಗಾರ_ಬಸವನಗುಡಿ

ಪೇಂಟ್ ಕಡೆಯಿಂದ ನಾಲ್ಕು ಮಾತು.

ಸಿಲ್ವರ್ ಮೆಟಾಲಿಕ್‌ನಲ್ಲಿ ತೂತಿನ ಜಾಗಕ್ಕೆ ಮಾತ್ರ ಸ್ಪ್ರೇ ಹೊಡೆದು ಮುಗಿಸುವುದು ಆಗದ ಮಾತು. ಅಲ್ಯೂಮಿನಿಯಂ ಕಣಗಳು ಮಲಗುವ ರೀತಿ ಗಾಳಿಯ ಒತ್ತಡ, ಥಿನ್ನರ್, ಗನ್ ಹಿಡಿಯುವ ದೂರ ಇವುಗಳ ಮೇಲೆ ಬದಲಾಗುತ್ತದೆ. ಎದುರಿನಿಂದ ಹೊಂದಿದ ಹಾಗೆ ಕಂಡದ್ದು ಓರೆಯಿಂದ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಡಿಕ್ಕಿ ಡೋರ್ ಪೂರ್ತಿ ಮಾಡಿಸಿ. ಫೆಂಡರ್ ಹೊಸದಾದರೆ ಪಕ್ಕದ ಬಾಗಿಲಿನ ಮುಂಭಾಗಕ್ಕೂ ಬೇಸ್ ಕೋಟನ್ನು (ಬಣ್ಣದ ಪದರ) ಮಸುಕಾಗಿ ಹರಡಿ, ಬಾಗಿಲಿಗೆ ಪೂರ್ತಿ ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಹೊಡೆಸಬೇಕು.

ಪುಟ್ಟಿಗೆ ಹಾರ್ಡ್‌ನರ್ ತೂಕದಲ್ಲಿ ಸುಮಾರು 2 ಭಾಗ: 100 ಗ್ರಾಂ ಪುಟ್ಟಿಗೆ 2 ಗ್ರಾಂ. ಬೇಗ ಆರಲಿ ಎಂದು ಹೆಚ್ಚು ಹಾಕಿದರೆ ಹಾರ್ಡ್‌ನರ್‌ನಲ್ಲಿರುವ ಪೆರಾಕ್ಸೈಡ್ ಮೇಲಕ್ಕೆ ಹತ್ತಿ ಬಣ್ಣದಲ್ಲಿ ಕಲೆ ಬರುತ್ತದೆ, ತಿಳಿ ಬಣ್ಣದಲ್ಲಿ ಎದ್ದು ಕಾಣುತ್ತದೆ. ಡಿಸೆಂಬರ್‌ನ ಬೆಳಿಗ್ಗೆ ಬೆಂಗಳೂರಿನಲ್ಲಿ ಪುಟ್ಟಿ ನಿಧಾನ. ಆಗಲೂ ಹಾರ್ಡ್‌ನರ್ ಹೆಚ್ಚಿಸಬೇಡಿ, ಹನ್ನೊಂದು ಗಂಟೆಯ ಬಿಸಿಲು ಬರಲಿ. ಒಟ್ಟು ದಪ್ಪ 2 ಎಂಎಂ ಒಳಗಿರಲಿ. ಆರಿದ ಪುಟ್ಟಿಯನ್ನು 80, 180, 240 ಈ ಕ್ರಮದಲ್ಲಿ ಒಣಗಿದ ಹಾಗೆಯೇ ಉಜ್ಜಿ. ನೀರು ಹಾಕಿ ಉಜ್ಜುವ ಚಾಳಿ ನಮ್ಮಲ್ಲಿ ಹೆಚ್ಚು. ಪುಟ್ಟಿ ಕುಡಿದ ಆ ನೀರೇ ಮುಂದೆ ಗುಳ್ಳೆ. ನೀರಿನ ಕೆಲಸ ಸರ್ಫೇಸರ್ (ಪುಟ್ಟಿಯ ಮೇಲೆ ಹೊಡೆಯುವ ದಪ್ಪ ಪ್ರೈಮರ್) ಬಿದ್ದ ಮೇಲೆ, 600ರ ಪೇಪರಿನಲ್ಲಿ.

ಟ್ಯೂಬಿನಲ್ಲಿ ಬರುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿಯನ್ನು ಗೀರು ಮತ್ತು ಸೂಜಿ ಗುಂಡಿಗಳಿಗೆ ಮಾತ್ರ ಬಳಸಿ. ಅದು ಥಿನ್ನರ್ ಆವಿಯಾಗಿ ಆರುವಂಥದ್ದು, ದಪ್ಪ ಹಾಕಿದರೆ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಗಾಡಿ ಕೊಡುವ ದಿನ ನುಣುಪಾಗಿದ್ದು ಆಮೇಲೆ ತೂತಿನ ಆಕಾರ ಮೂಡುವುದು ಬಹುಪಾಲು ಇದರಿಂದಲೇ. ಹಾಗೆಯೇ ಸುತ್ತಲಿನ ಹಳೆಯ ಪೇಂಟ್ ಅಂಚನ್ನು 40ರಿಂದ 50 ಎಂಎಂ ಅಗಲಕ್ಕೆ ಇಳಿಜಾರು ಮಾಡದಿದ್ದರೂ ಉಂಗುರ ಮೂಡುತ್ತದೆ.

ಎಚ್ (etch) ಪ್ರೈಮರ್, ಅಂದರೆ ಆಮ್ಲದಿಂದ ತಗಡನ್ನು ಕಚ್ಚಿ ಹಿಡಿಯುವ ಪ್ರೈಮರ್, ಅದರ ಮೇಲೆ ಪಾಲಿಯೆಸ್ಟರ್ ಪುಟ್ಟಿ ಹಾಕಬೇಡಿ. ಅದರ ಆಮ್ಲಕ್ಕೂ ಹಾರ್ಡ್‌ನರ್‌ಗೂ ಆಗಿಬರುವುದಿಲ್ಲ, ಪುಟ್ಟಿ ತಳದಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಉಜ್ಜಿದ ತಗಡಿಗೆ ಎಪಾಕ್ಸಿ ಪ್ರೈಮರ್, ಅದನ್ನು ಒರಟು ಮಾಡಿ ಪುಟ್ಟಿ, ಮೇಲೆ ಟುಕೆ (2K, ಹಾರ್ಡ್‌ನರ್ ಬೆರೆಸುವ ಎರಡು ಭಾಗದ) ಸರ್ಫೇಸರ್. ಟುಕೆ ಸ್ಪ್ರೇ ನೀವೇ ಹೊಡೆಯುವುದಾದರೆ ಕರ್ಚೀಫು ಸಾಲದು, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಅದರ ಹಾರ್ಡ್‌ನರ್‌ನಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ವಿಷ.

ಪಾಯಿಂಟ್‌ಎಂಟು

ಎಪಾಕ್ಸಿ ಮೇಲೆ ಪುಟ್ಟಿ ಅನ್ನೋದನ್ನು ಒಪ್ತೀನಿ, ಆದರೆ ಎಷ್ಟೋ ಪುಟ್ಟಿ ಡಬ್ಬಿಗಳ ಮೇಲೆ ನೇರ ತಗಡಿಗೇ ಹಾಕಿ ಅಂತಲೇ ಇರುತ್ತೆ. ಗ್ಯಾರೇಜಿನವರು ಒಂದು ದಿನ ಎಪಾಕ್ಸಿ ಆರೋಕೆ ಕಾಯಲ್ಲ ಅಂದರೆ, 80ರಲ್ಲಿ ಉಜ್ಜಿದ ತಗಡಿಗೆ ಅವತ್ತೇ ಪುಟ್ಟಿ ಬೀಳಲಿ. ಉಜ್ಜಿ ರಾತ್ರಿಯೆಲ್ಲ ಬಯಲಲ್ಲಿ ಬಿಡೋದೇ ಎಲ್ಲಕ್ಕಿಂತ ಕೆಟ್ಟದ್ದು. ಮಳೆಗಾಲದಲ್ಲಿ ಬೆಳಗಾಗೋಷ್ಟರಲ್ಲಿ ಕಂದು ಛಾಯೆ ಬಂದಿರುತ್ತೆ.

ಬೆಳ್ಳಿಎಸ್ಟೀಮ್

ಎಲ್ಲರಿಗೂ ಥ್ಯಾಂಕ್ಸ್. ಫೆಂಡರ್ ಬದಲಾಯಿಸ್ತೀನಿ, ಡಿಕ್ಕಿ ಡೋರ್ ಬಿಚ್ಚಿ ಸಿಓಟು ಮಾಡಿಸ್ತೀನಿ. ಎರಡು ಅನುಮಾನ ಉಳಿದಿವೆ. ಸ್ಪಾಯ್ಲರ್ ತೂತು ನಾಲ್ಕರಲ್ಲಿ ಒಂದರ ಹಿಂದೆ ಒಳಗಿನ ಫ್ರೇಮ್ ಅಡ್ಡ ಬರುತ್ತೆ, ಅಲ್ಲಿ ತಾಮ್ರ ಹಿಡಿಯೋದು ಹೇಗೆ? ಮತ್ತೆ ಕೆಲಸಕ್ಕೆ ಇನ್ನೂ ಮೂರು ವಾರ ಇದೆ, ಅಲ್ಲೀವರೆಗೆ ಮಳೆಗೆ ಏನು ಮಾಡಲಿ?

ಪಾಯಿಂಟ್‌ಎಂಟು

ಆ ಒಂದಕ್ಕೆ ತಾಮ್ರ ಬಿಟ್ಟುಬಿಡಿ. ಅಂಚನ್ನು 1 ಎಂಎಂ ತಗ್ಗಿಸಿ, ಬಿಲ್ಲೆಯನ್ನು ತೂತಿಗಿಂತ ಎರಡು ಎಂಎಂ ದೊಡ್ಡದು ಮಾಡಿ ಆ ತಗ್ಗಿನಲ್ಲಿ ಮೇಲಿಂದ ಕೂರಿಸಿದರೆ ಕೆಳಗೆ ಆಸರೆ ಬೇಕಾಗಲ್ಲ. ಕರೆಂಟ್ ಸ್ವಲ್ಪ ಇಳಿಸಿ, ಬಿಲ್ಲೆಯ ಕಡೆಗೆ ಚುಕ್ಕೆ ಇಟ್ಟು ಅಂಚಿಗೆ ಹರಿಸಬೇಕು. ವೆಲ್ಡಿಂಗ್ ಆದ ಮೇಲೆ ಒಳಮುಖದ ಪೇಂಟ್ ನಾಲ್ಕೂ ಕಡೆ ಸುಟ್ಟಿರುತ್ತೆ, ಅದನ್ನು ಯಾರೂ ನೋಡಲ್ಲ. ಕೈ ಹೋದ ಕಡೆ ಉಜ್ಜಿ ಎಪಾಕ್ಸಿ. ಕೈ ಹೋಗದ ಕಡೆ ಎಲ್ಲ ಪೇಂಟ್ ಕೆಲಸ ಮುಗಿದ ಮೇಲೆ ಉದ್ದ ನಳಿಗೆಯ ಸ್ಪ್ರೇಯಲ್ಲಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯೋ ಮೇಣ) ಬಿಡಿ. ಮೊದಲೇ ಬಿಟ್ಟರೆ ಮೇಣ ಸೋರಿ ಪೇಂಟ್ ಕೆಡುತ್ತೆ. ಡಿಕ್ಕಿ ಡೋರಿನ ಕೆಳ ಅಂಚಲ್ಲಿರೋ ನೀರು ಹೋಗೋ ಸಣ್ಣ ಕಿಂಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.

ಜೆಸಿರೋಡ್_ಗಿರಾಕಿ

ಮೂರು ವಾರಕ್ಕೆ ರಬ್ಬರ್ ಬಿರಟೆ ಸಾಕು, 8 ಎಂಎಂ ತೂತಿಗೆ ಕೂರೋದು. ಸ್ಪೇರ್ ಅಂಗಡಿಯಲ್ಲಿ ‘ಬಾಡಿ ಗ್ರಾಮೆಟ್, ಮುಚ್ಚಿದ್ದು’ ಅಂತ ಕೇಳಿ. ನಡುವೆ ತೂತಿರೋ ವೈರಿಂಗ್ ಗ್ರಾಮೆಟ್ ಕೊಟ್ಟುಬಿಡ್ತಾರೆ, ನೋಡಿ ತಗೊಳ್ಳಿ. ಕೂರಿಸೋ ಮುಂಚೆ ಅಂಚಿನ ತುಕ್ಕು ಕೆರೆದು ಗ್ರೀಸ್ ಸವರಿ, ವೆಲ್ಡಿಂಗಿಗೆ ಹೋಗೋ ದಿನ ಅದನ್ನು ಪೆಟ್ರೋಲಿನಲ್ಲಿ ಒರೆಸಿ ಪೂರ್ತಿ ಆರಿಸಿ ಕೊಡಿ. ಸಿಲಿಕಾನ್ ಸೀಲಂಟ್ ಮಾತ್ರ ಹಚ್ಚಬೇಡಿ, ಅದರ ಜಿಡ್ಡು ಒಂದಿಷ್ಟು ಉಳಿದರೂ ಪೇಂಟ್ ಮೀನಿನ ಕಣ್ಣಿನ ಹಾಗೆ ಬಿಟ್ಟುಕೊಳ್ಳುತ್ತೆ.

ಆಮೇಲೆ ಬಿರಟೆ ಹಾಕಿದ ಮೇಲೂ ಸ್ಟೆಪ್ನಿ ಗುಂಡಿಗೆ ನೀರು ಬಂದರೆ ತಪ್ಪು ತೂತಿನದ್ದಲ್ಲ. ಒಬ್ಬರು ಟಾರ್ಚ್ ಹಿಡಿದು ಡಿಕ್ಕಿಯೊಳಗೆ ನೋಡ್ತಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಲ್ಲಿ ಮೊದಲು ಹಿಂದಿನ ಲೈಟಿನ ಸುತ್ತ, ಆಮೇಲೆ ರಬ್ಬರ್ ಬೀಡಿಂಗಿನ ಮೇಲೆ ನೀರು ಬಿಡಲಿ. ಹಿಂದಿನ ಲೈಟಿನ ಗ್ಯಾಸ್ಕೆಟ್ ಒಣಗಿ ಬಿರಿದಿರೋ ಸಾಧ್ಯತೆ ಹೆಚ್ಚು.