ಅಕ್ಷರ, ಅಂಕಿ ಇಲ್ಲದೆ ಬರೀ ಚಿಹ್ನೆಗಳಲ್ಲಿ ಜಾವಾಸ್ಕ್ರಿಪ್ಟ್: ಮಾಡಿ ನೋಡಿದವರು ಹೇಳಿ

ಒಗಟುಗಾರ (ಪ್ರಶ್ನೆ): ನಮ್ಮ ಕೋಡಿಂಗ್ ಕ್ಲಬ್‌ಗೆ ಒಂದು ಒಗಟು ತಯಾರಿಸ್ತಿದ್ದೀನಿ. `[ ] ( ) ! +` ಈ ಆರೇ ಚಿಹ್ನೆ ಬಳಸಬೇಕು, ಬ್ರೌಸರ್‌ನಲ್ಲಿ ಓಡಿಸಿದ್ರೆ ಒಂದು ಸಂದೇಶ ಬರಬೇಕು. ಮಾಮೂಲಿ ಕೋಡನ್ನ ಚಿಹ್ನೆಗಳಿಗೆ ಬದಲಾಯಿಸೋ ಕನ್ವರ್ಟರ್‌ಗೆ ಹಾಕಿದ್ರೆ ಕ್ಷಣದಲ್ಲಿ ಸಿಗುತ್ತೆ, ಆದ್ರೆ ನನಗೇ ಅದರೊಳಗೆ ಏನಿದೆ ಗೊತ್ತಿಲ್ಲ ಅಂದ್ರೆ ಕೇಳಿದವರಿಗೆ ಏನು ಹೇಳ್ಲಿ? ಎಲ್ಲಿಂದ ಶುರು ಮಾಡೋದು? ಜೊತೆಗೆ, ನಮ್ಮ ಸೈಟಿನ ಕೋಡನ್ನೂ ಹೀಗೇ ಮುಚ್ಚಿಡಬಹುದಾ?

ಖಾಲಿ ಅರೇ: ಬ್ರೌಸರ್‌ನ ಕನ್ಸೋಲ್ (ಕೋಡ್ ಟೈಪ್ ಮಾಡಿ ಅಲ್ಲೇ ಓಡಿಸೋ ಕಿಟಕಿ) ತೆಗೆದು ಕೈಯಾರೆ ಟೈಪ್ ಮಾಡ್ತಾ ಹೋಗಿ. ಖಾಲಿ ಅರೇ (`[]`, ಏನೂ ಇಲ್ಲದ ಪಟ್ಟಿ) ಕೂಡ ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ‘ನಿಜ’ವೇ, `!` ಅದನ್ನ ಉಲ್ಟಾ ಮಾಡುತ್ತೆ, ಹಾಗಾಗಿ `![]` ಫಾಲ್ಸ್ (ಸುಳ್ಳು), `!![]` ಟ್ರೂ (ನಿಜ). ಮುಂದೆ `+` ಹಚ್ಚಿದ್ರೆ ಸಂಖ್ಯೆ: `+[]` ಸೊನ್ನೆ, `+!![]` ಒಂದು. `!![]+!![]` ಎರಡು. ಇಷ್ಟಾದ್ರೆ ಎಣಿಕೆ ಬಂತು.

ಈಗ `![]+[]` ಹಾಕಿ. ಕೂಡಿಸುವಾಗ ಅರೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಬಿಡುತ್ತೆ, ತನ್ನ ಜೊತೆ ಫಾಲ್ಸನ್ನೂ ಐದಕ್ಷರದ ಸ್ಟ್ರಿಂಗ್ ಮಾಡುತ್ತೆ. ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಅದರಲ್ಲಿ ಸೊನ್ನೆಯ ಸ್ಥಾನದ್ದು, ಅಂದ್ರೆ `(![]+[])[+[]]`, ಎಫ್ ಅಕ್ಷರ. ಎಲ್ಲರೂ ಎಡವುವ ಜಾಗ ಇದರ ಪಕ್ಕದಲ್ಲೇ ಇದೆ: ಎರಡನೇ ಅಕ್ಷರಕ್ಕೆ `(![]+[])[!![]]` ಅಂತ ಬರೆದ್ರೆ ಅನ್‌ಡಿಫೈನ್ಡ್ (ಅಂಥದ್ದೇನೂ ಇಲ್ಲ ಅನ್ನೋ ಉತ್ತರ) ಬರುತ್ತೆ. ಟ್ರೂ ಅನ್ನೋ ಹೆಸರಿನ ಪ್ರಾಪರ್ಟಿ ಹುಡುಕ್ತಾ ಇರುತ್ತೆ ಅದು, ಒಂದನೇ ಸ್ಥಾನ ಅಲ್ಲ. ಮುಂದೊಂದು `+` ಇಡಲೇಬೇಕು.

ಆ ಅನ್‌ಡಿಫೈನ್ಡ್ ಕೂಡ ಕೆಲಸಕ್ಕೆ ಬರುತ್ತೆ. `[][[]]` ಅಂದ್ರೆ ಅದೇ, ಅದನ್ನ ಸ್ಟ್ರಿಂಗ್ ಮಾಡಿದ್ರೆ ಯು, ಎನ್, ಡಿ, ಐ ಸಿಕ್ತು. ಐ ತೆಗೆಯೋ ಉಪಾಯವಂತೂ ನನಗೆ ಬಲು ಇಷ್ಟ: `([![]]+[][[]])[+!![]+[+[]]]`. ಫಾಲ್ಸ್, ಅನ್‌ಡಿಫೈನ್ಡ್ ಎರಡನ್ನೂ ಅಂಟಿಸಿ, 1ರ ಪಕ್ಕ 0 ಅಂಟಿಸಿ 10 ಮಾಡಿಕೊಂಡು, ಆ ಸ್ಥಾನದ ಅಕ್ಷರ ಎತ್ತಿಕೊಳ್ಳೋದು.

ಫ್ರಂಟ್‌ಎಂಡ್ ಹಳಬ: ಅಕ್ಷರ ಕೂಡಿಟ್ಟ ಮಾತ್ರಕ್ಕೆ ಕೋಡ್ ಓಡಲ್ಲವಲ್ಲ, ಅದು ಬರೀ ಸ್ಟ್ರಿಂಗ್. ಓಡಿಸೋಕೆ ಫಂಕ್ಷನ್ ಕನ್‌ಸ್ಟ್ರಕ್ಟರ್ (ಸ್ಟ್ರಿಂಗನ್ನ ಓಡಿಸಬಲ್ಲ ಫಂಕ್ಷನ್ ಮಾಡಿಕೊಡೋದು) ಕೈಗೆ ಸಿಗಬೇಕು. ಫಾಲ್ಸ್, ಟ್ರೂ ಎರಡರ ಅಕ್ಷರಗಳಿಂದಲೇ ‘ಫ್ಲಾಟ್’ ಅನ್ನೋ ಅರೇ ಮೆಥಡ್‌ನ (ಅರೇ ಜೊತೆಗೇ ಬರೋ ಸಿದ್ಧ ಫಂಕ್ಷನ್) ಹೆಸರು ಕಟ್ಟಬಹುದು. (ಅದು ಜಾವಾಸ್ಕ್ರಿಪ್ಟ್‌ನ 2019ರ ಆವೃತ್ತಿಯಲ್ಲಿ ಬಂದದ್ದು. ಹಳೇ ಕೋಡ್‌ಗಳಲ್ಲಿ ಆ ಜಾಗದಲ್ಲಿ ಸಾರ್ಟ್ ಅಥವಾ ಫಿಲ್ಟರ್ ಇರುತ್ತೆ.) ಆ ಮೆಥಡ್‌ಗೆ `+[]` ಹಚ್ಚಿದ್ರೆ ಅದರ ಪಠ್ಯ ಸಿಗುತ್ತೆ, ಅದರೊಳಗೆ ಸಿ ಮತ್ತು ಒ. ಈಗ ‘ಕನ್‌ಸ್ಟ್ರಕ್ಟರ್’ ಅಂತ ಬರೆಯೋಕೆ ಎಲ್ಲಾ ಅಕ್ಷರ ಬಂದವು. ಫ್ಲಾಟ್‌ನ ಕನ್‌ಸ್ಟ್ರಕ್ಟರ್ ಕೇಳಿ, ಸಿಕ್ಕಿದ್ದಕ್ಕೆ ನಿಮ್ಮ ಸ್ಟ್ರಿಂಗ್ ಕೊಟ್ಟು, ಕೊನೆಗೆ `()` ಹಾಕಿ. ಓಡುತ್ತೆ.

ಉಳಿದ ಅಕ್ಷರಗಳಿಗೆ ಸಂಖ್ಯೆಯನ್ನ 36ರ ಆಧಾರಕ್ಕೆ ಬದಲಾಯಿಸಿ, ಅಲ್ಲಿ 9 ಆದ ಮೇಲೆ ಎ, ಬಿ ಅಂತ ಅಕ್ಷರಗಳೇ ಅಂಕಿ: 25 ಕೊಟ್ರೆ ಪಿ ಬರುತ್ತೆ. ಒಂದು ಎಚ್ಚರಿಕೆ, ಮೆಥಡ್ ಪಠ್ಯದ ಕೊನೆಭಾಗದಿಂದ ಅಕ್ಷರ ಎತ್ತಬೇಡಿ. ಫೈರ್‌ಫಾಕ್ಸ್ ಅಲ್ಲಿ ಹೊಸ ಸಾಲು, ಖಾಲಿ ಜಾಗ ಸೇರಿಸುತ್ತೆ, ಕ್ರೋಮ್ ಸೇರಿಸಲ್ಲ. ಸ್ಥಾನಗಳು ತಪ್ಪಿಹೋಗ್ತವೆ.

ಸೆಕ್ಯುರಿಟಿ ಕಡೆಯವನು: ಎರಡನೇ ಪ್ರಶ್ನೆಗೆ: ಬೇಡ. ಓದೋಕೆ ಕಬ್ಬಿಣದ ಕಡಲೆ ಹೌದು, ಬಿಚ್ಚೋಕೆ ಅಲ್ಲ. ಸಾಮಾನ್ಯವಾಗಿ ಆ ಕೊನೆಯ `()` ಅಳಿಸಿ ಕನ್ಸೋಲ್‌ನಲ್ಲಿ ಎಂಟರ್ ಒತ್ತಿದ್ರೆ ಸಾಕು, ಮೂಲ ಕೋಡ್ ಇಡೀ ಫಂಕ್ಷನ್ ಆಗಿ ಕಣ್ಮುಂದೆ. ಒಂದು ಸಣ್ಣ ಅಲರ್ಟ್‌ಗೇ ನೂರಾರು ಚಿಹ್ನೆ ಬೇಕು, ಕಡತ ಉಬ್ಬುತ್ತೆ. ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯಲ್ಲಿ (ಪುಟದಲ್ಲಿ ಯಾವ ಕೋಡ್ ಓಡಬಹುದು ಅಂತ ಸೈಟ್ ಹಾಕೋ ನಿಯಮ) ಇವ್ಯಾಲ್‌ಗೆ, ಅಂದ್ರೆ ಸ್ಟ್ರಿಂಗನ್ನ ಕೋಡ್ ಆಗಿ ಓಡಿಸೋದಕ್ಕೆ, ತಡೆ ಇದ್ರೆ ಓಡೋದೂ ಇಲ್ಲ.

ಈ ವಿದ್ಯೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಅಪಾಯದ ಇನ್‌ಪುಟ್ ಸೋಸೋ ಫಿಲ್ಟರ್‌ಗಳಿಗೆ. ಇಬೇ ಅನ್ನೋ ಮಾರಾಟದ ಸೈಟ್‌ನಲ್ಲಿ ಸ್ಕ್ರಿಪ್ಟ್ ಟ್ಯಾಗ್ (ಪುಟದಲ್ಲಿ ಕೋಡ್ ಇಡೋ ಜಾಗ) ಒಳಗಿನ ಅಕ್ಷರ-ಅಂಕಿಗಳನ್ನ ಸೋಸಿ ತೆಗೀತಿದ್ರು, ಚಿಹ್ನೆಗಳನ್ನ ಬಿಡ್ತಿದ್ರು. ಚಿಹ್ನೆಗಳಲ್ಲೇ ಕೋಡ್ ನುಗ್ಗಿಸಬಹುದು ಅಂತ ಚೆಕ್ ಪಾಯಿಂಟ್ ಅನ್ನೋ ಸೆಕ್ಯುರಿಟಿ ಸಂಸ್ಥೆಯವರು 2016ರ ಫೆಬ್ರವರಿಯಲ್ಲಿ ಬಹಿರಂಗ ಮಾಡಿದ್ರು. ಇನ್‌ಪುಟ್‌ನಲ್ಲಿ ಅಕ್ಷರ ತಡೆದೆ, ಸೇಫ್ ಅಂದುಕೊಳ್ಳೋರು ಈಗ್ಲೂ ಇದ್ದಾರೆ.

ಡಾಲರ್ ಅಂಡರ್‌ಸ್ಕೋರ್: ಒಗಟಿಗೆ ಆರೇ ಚಿಹ್ನೆ ಅನ್ನೋ ಹಟ ಯಾಕೆ? ಆರರದ್ದು ಬರೀ ಬ್ರಾಕೆಟ್ ಗೋಡೆ, ಬಿಡಿಸೋರು ಮೊದಲ ಸಾಲಿಗೇ ಕೈಬಿಡ್ತಾರೆ. `$`, `_` ಸೇರಿಸ್ಕೊಳ್ಳಿ, ಅವು ವೇರಿಯಬಲ್ ಹೆಸರಾಗ್ತವೆ. ಯೋಸುಕೆ ಹಸೆಗಾವಾ ಅವರ ಜೆಜೆಎನ್‌ಕೋಡ್ ಅನ್ನೋ ಕನ್ವರ್ಟರ್ ನೋಡಿ. `$=~[]` ಅಂತ ಶುರು, ಅಂದ್ರೆ ಮೈನಸ್ ಒಂದು. ಅಲ್ಲಿಂದ `++$` ಮಾಡ್ತಾ ಎಣಿಕೆ. ಹೆಸರುಗಳಲ್ಲಿ `$` ಅಂದ್ರೆ 1, `_` ಅಂದ್ರೆ 0: `$$$$` ಬೈನರಿ 1111, ಹೆಕ್ಸಾಡೆಸಿಮಲ್‌ನ (16ರ ಆಧಾರದ ಎಣಿಕೆ) ಎಫ್, `$_$_` 1010, ಅಂದ್ರೆ ಎ. ಇದು ಹೊಳೆದವನಿಗೆ ಮುಂದಿನದೆಲ್ಲಾ ಸರಾಗ. ಒಗಟು ಅಂದ್ರೆ ಹೀಗೆ ಸುಳಿವು ಒಳಗೇ ಇರಬೇಕು.

ಖಾಲಿ ಅರೇ: ಅದಕ್ಕೆ ನಾನು ಒಪ್ಪಲ್ಲ, ಆರಕ್ಕೆ ಇಳಿಸಿದ್ರೇನೇ ಮಜಾ. ಮೊದಲು ಒಂದೇ ಪದದ ಒಗಟು ಕೊಡಿ, ಗೋಡೆ ಆಗಲ್ಲ.

ಒಗಟುಗಾರ: ಐ ಅಕ್ಷರ ಬಂತು! ಕನ್ಸೋಲ್‌ನಲ್ಲಿ ಎರಡು ತುಂಡು ಬೇರೆಬೇರೆ ಸರಿ ಓಡ್ತಿವೆ, ಒಂದೇ ಕಡತದಲ್ಲಿ ಒಂದರ ಕೆಳಗೊಂದು ಇಟ್ರೆ ಎರರ್. ಯಾಕೆ?

ಫ್ರಂಟ್‌ಎಂಡ್ ಹಳಬ: ಸಾಲು `[` ಅಥವಾ `(` ಇಂದ ಶುರುವಾದ್ರೆ ಅದನ್ನ ಮೇಲಿನ ಸಾಲಿನ ಮುಂದುವರಿಕೆ ಅಂತಲೇ ಓದುತ್ತೆ. ಸೆಮಿಕೋಲನ್ ಹಾಕಿದ್ರೆ ಏಳನೇ ಚಿಹ್ನೆ ಆಯ್ತು. ಎರಡರ ನಡುವೆ ಒಂದು `+` ಇಡಿ, ಎರಡೂ ಸಾಲಾಗಿ ಓಡ್ತವೆ.