ಚಿಕ್ಕವ್ವ, ಇದನ್ನು ಪೂರ್ತಿ ಕೇಳು

ಚಿಕ್ಕವ್ವ, ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಹಿಂದೆ ಮಿಲ್ಲಿನ ಸದ್ದು ಬರುತ್ತಿದೆ, ಸ್ವಲ್ಪ ಸಹಿಸಿಕೋ.

ತಂಗಿ ಡಿವೋರ್ಸ್ ಅರ್ಜಿ ಹಾಕಿದಾಗಿನಿಂದ ನಿದ್ದೆ ಇಲ್ಲ, ತಟ್ಟೆ ಮುಂದೆ ಕೂತು ಹಾಗೇ ಎದ್ದು ಹೋಗುತ್ತಾಳೆ, ಯಾರಿಗೆ ತೋರಿಸೋಣ ಅಂತ ನಮ್ಮ ಮನೆ ಗ್ರೂಪಿನಲ್ಲಿ ನೀನು ಕೇಳಿದೆ ಅಲ್ವಾ. ಅದಕ್ಕೆ ದೊಡ್ಡಪ್ಪ, "ಹುಲಿಗೆಮ್ಮನಿಗೆ ಉಡಿ ತುಂಬಿ ಬನ್ನಿ, ತಲೆ ಡಾಕ್ಟರ್ ಹತ್ತಿರ ಹೋದರೆ ನಾಳೆ ಕೋರ್ಟಿನಲ್ಲಿ ಹುಚ್ಚಿ ಅನ್ನುತ್ತಾರೆ" ಅಂದರು.

ದೊಡ್ಡಪ್ಪ, ಹುಲಿಗಿಗೆ ಹೋಗೋಣ, ಗಾಡಿ ನಾನೇ ತರುತ್ತೇನೆ. ಆದರೆ ಕೋರ್ಟಿನ ಮಾತು ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯವನ್ನು ಡಾಕ್ಟರು ಗುಟ್ಟಾಗಿ ಇಡಬೇಕು. ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಆಗುವುದಿಲ್ಲ, ಅದೂ ಅದೇ ಕಾಯ್ದೆಯಲ್ಲಿದೆ. ಇವಳಿಗಂತೂ ಸದ್ಯ ನಿದ್ದೆ ಇಲ್ಲ, ಅಷ್ಟೇ.

ನಿಮಗ್ಯಾರಿಗೂ ಹೇಳದ್ದು ಒಂದಿದೆ. ನನ್ನ ಡಿವೋರ್ಸ್ ಕೇಸ್ ನಡೆಯುವಾಗ ಒಂದು ಸಂಜೆ ರಾಯಚೂರಿನಲ್ಲಿ ಗಂಗಾವತಿ ಬಸ್ ಹತ್ತಿದೆ. ಸಿಂಧನೂರು ಬಂತು, ಹೋಯ್ತು. ನಿದ್ದೆ ಹತ್ತಿರಲಿಲ್ಲ, ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ಕಾರಟಗಿಯಲ್ಲಿ ಕಂಡಕ್ಟರ್, "ನಿಮ್ಮ ಟಿಕೆಟ್ ಸಿಂಧನೂರಿಗಲ್ಲೇನ್ರೀ?" ಅಂದಾಗಲೇ ಗೊತ್ತಾಗಿದ್ದು. ಇಳಿದು ಮಿರ್ಚಿ ಪೊಟ್ಟಣ ಕಟ್ಟಿಸಿಕೊಂಡೆ. ಮನೆ ಮುಟ್ಟಿದಾಗಲೂ ಅದು ಕೈಯಲ್ಲೇ ಇತ್ತು, ಕಾಗದವೆಲ್ಲ ಎಣ್ಣೆ.

ಮೊದಲು ಒಬ್ಬ ಖಾಸಗಿ ಕೌನ್ಸೆಲರ್ ಹತ್ತಿರ ಹೋದೆ. ಆತ ಒಂದು ಗಂಟೆ "ಹೊಂದಿಕೊಂಡು ಹೋಗಿ" ಅಂತ ಬುದ್ಧಿ ಹೇಳಿ ಫೀಸ್ ಇಸಿದುಕೊಂಡ. ಅದನ್ನು ಹೇಳಲು ಮನೆಯಲ್ಲಿ ನೀವೆಲ್ಲ ಇದ್ದಿರಲ್ಲ! ಆಮೇಲೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಮನೋರೋಗ ವಿಭಾಗಕ್ಕೆ ಹೋದೆ. ಡಾಕ್ಟರ್ ಕೆಲವು ವಾರ ಮಾತ್ರೆ ಕೊಟ್ಟರು. ಮಾತಾಡಿಸಲು ಬೇರೊಬ್ಬ ಮೇಡಂ ಇದ್ದರು. ತಪ್ಪು ಯಾರದು ಅಂತ ಅವರು ಕೇಳಲೇ ಇಲ್ಲ. "ಮನೆಗೆ ಹೋದ ಕೂಡಲೇ ಏನು ಮಾಡುತ್ತೀರಿ?" ಅಂದರು. ಬೀಗ ತೆಗೆಯುವುದಿಲ್ಲ ಮೇಡಂ, ಕಟ್ಟೆ ಮೇಲೇ ಕೂರುತ್ತೇನೆ ಅಂದೆ. ಅಷ್ಟು ಹೇಳಿದ್ದೇ ತಡ, ಗಂಟಲು ಕಟ್ಟಿತು. ಅವತ್ತು ಅತ್ತಷ್ಟು ಅಪ್ಪ ತೀರಿಕೊಂಡಾಗಲೂ ಅತ್ತಿರಲಿಲ್ಲ. ಆ ವಾರ ಅವರು ಕೊಟ್ಟ ಕೆಲಸ ಒಂದೇ, ಬೀಗ ತೆಗೆದು ಒಳಗೆ ಹೋಗಿ ಲೈಟ್ ಹಾಕುವುದು. ನಗು ಬಂತು. ಆದರೆ ಮಾಡಿದೆ.

ಇನ್ನೊಂದು. ಕುಟುಂಬ ನ್ಯಾಯಾಲಯದಲ್ಲೂ ಕೌನ್ಸೆಲರ್ ಇರುತ್ತಾರೆ, ಅವರೂ ಈ ಮೇಡಂ ಥರ ಅಂದುಕೊಳ್ಳಬೇಡ. ಅಲ್ಲಿ ರಾಜಿ ಆಗುತ್ತಾ ಅಂತ ನೋಡುತ್ತಾರೆ. ಅಲ್ಲಿಂದ ಬಂದ ಮೇಲೆ ತಂಗಿ ಇನ್ನೂ ಕುಗ್ಗಬಹುದು. ಇಬ್ಬರೂ ಒಪ್ಪಿ ಅರ್ಜಿ ಹಾಕಿದರೂ ಸಾಮಾನ್ಯವಾಗಿ 6 ತಿಂಗಳು ಕಾಯಿಸುತ್ತಾರೆ. ಆ ಕಾಯುವ ದಿನಗಳಿಗೇ ಯಾರಾದರೂ ಬೇಕು.

ರಾತ್ರಿ ಎರಡಕ್ಕೆ ಎದ್ದು ಕೂತರೆ 14416ಕ್ಕೆ ಫೋನ್ ಮಾಡಲಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ವಕೀಲರ ಫೀಸಿನ ಚಿಂತೆಯೂ ಇದ್ದರೆ 15100ಕ್ಕೆ ಮಾಡಿ. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ. ಸಾಯುವ ಮಾತೇನಾದರೂ ಆಡಿದರೆ ಮಾತ್ರ ಅವಳನ್ನು ಒಬ್ಬಳೇ ಬಿಡಬೇಡ, ಎಷ್ಟೊತ್ತಾದರೂ ನನಗೆ ಫೋನ್ ಮಾಡು, ನೇರ ಆಸ್ಪತ್ರೆಗೆ ಹೋಗೋಣ.

ಬುಧವಾರ ನನಗೆ ಲೋಡ್ ಇಲ್ಲ. ಅವಳು ಹ್ಞೂಂ ಅಂದರೆ ಬೆಳಗಿನ ಬಸ್ಸಿಗೆ ರಾಯಚೂರಿಗೆ ಕರೆದುಕೊಂಡು ಹೋಗುತ್ತೇನೆ. ಮೊದಲು ಅವಳನ್ನು ಕೇಳು, ಒತ್ತಾಯ ಬೇಡ. ಒಳಗೆ ಅವಳೊಬ್ಬಳೇ ಹೋಗಲಿ, ನಾವು ಹೊರಗೆ ಬೆಂಚಿನ ಮೇಲೆ ಕೂರೋಣ.

ಮತ್ತೆ ದೊಡ್ಡಪ್ಪ, ಕೈ ಮುಗಿಯುತ್ತೇನೆ, ಇದನ್ನು ಬೀಗರ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ.