ಸಹಾಯ ಬೇಕು: ಓದುವುದಕ್ಕೆಂದೇ ಹಳೆಯ ಅಡುಗೆ ಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ಪಥ್ಯದಲ್ಲಿರುವ ನಮ್ಮ ತಾಯಿಯವರಿಗೆ ರಾತ್ರಿ ನಿದ್ದೆ ಹತ್ತುವವರೆಗೆ ನಾನು ಅಡುಗೆ ಪುಸ್ತಕಗಳನ್ನು ಓದಿ ಹೇಳುತ್ತೇನೆ. ಮಾಡಿ ಉಣ್ಣುವ ಉದ್ದೇಶ ನಮಗಿಬ್ಬರಿಗೂ ಇಲ್ಲ. ಒಂದು ಪಾವು ತೊಗರಿಬೇಳೆ, ನಿಂಬೆಗಾತ್ರದ ಹುಣಸೆಹಣ್ಣು, ಚಿಟಿಕೆ ಇಂಗು ಎಂದು ಸಾಮಗ್ರಿಗಳು ಒಂದೊಂದಾಗಿ ಬರುತ್ತಿದ್ದಂತೆ ಮನಸ್ಸಿನ ಕಳವಳ ತಾನಾಗಿ ಇಳಿಯುತ್ತದೆ. ಮೆಂತ್ಯ ಕಪ್ಪಾಗುವ ಮೊದಲೇ ಬಾಣಲೆ ಇಳಿಸಬೇಕೆಂಬ ಸಾಲು ಬಂದಾಗ ಅವರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸುತ್ತಾರೆ. ಕಾದಂಬರಿಗಳಲ್ಲಿ ಮುಂದೇನಾಗುವುದೋ ಎಂಬ ಆತಂಕವಿರುತ್ತದೆ, ಇಲ್ಲಿ ಅದಿಲ್ಲ.

ಸೇರು, ಪಾವು, ಚಟಾಕುಗಳ ಲೆಕ್ಕದಲ್ಲಿ, ಹದವನ್ನು ಮಾತಿನಲ್ಲೇ ವಿವರಿಸಿ ಬರೆದ ಹಳೆಯ ಕನ್ನಡ ಪುಸ್ತಕಗಳು, ವಿಶೇಷವಾಗಿ ಕರಾವಳಿ ಮತ್ತು ಉತ್ತರ ಕರ್ನಾಟಕದ ಮನೆಯಡುಗೆಯವು, ತಮ್ಮಲ್ಲಿದ್ದರೆ ದಯವಿಟ್ಟು ಹೆಸರು ತಿಳಿಸಿ. ಬರೀ ಚಿತ್ರಗಳಿಂದ ತುಂಬಿದ ಈಗಿನ ಪುಸ್ತಕಗಳು ಓದಿ ಹೇಳುವುದಕ್ಕೆ ಒದಗುವುದಿಲ್ಲ.

ಇದರ ಜೊತೆಗೆ, 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ರಚಿಸಿದ, ಬದನೆಕಾಯಿಯ ಅಡುಗೆಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವ ‘ಸೂಪಶಾಸ್ತ್ರ’ವನ್ನು ಅವರಿಗೆ ಓದಿ ಹೇಳಬೇಕೆಂಬ ಆಸೆ ನನಗೆ ಬಹಳವಿದೆ. ಹೊಸಗನ್ನಡದ ಗದ್ಯಾನುವಾದವಿರುವ ಪ್ರತಿ ಬೆಂಗಳೂರು ಅಥವಾ ಮೈಸೂರಿನ ಯಾವ ಅಂಗಡಿಯಲ್ಲಿ, ಗ್ರಂಥಾಲಯದಲ್ಲಿ ಸಿಗಬಹುದು? ದಿನಬಳಕೆಯ ಹಲವು ವಿಷಯಗಳನ್ನು ತಿಳಿಸುವ 1025ರ ಹಳಗನ್ನಡ ಗ್ರಂಥ ‘ಲೋಕೋಪಕಾರ’ದ ಪಾಕಭಾಗಕ್ಕೂ ಇದೇ ಕೋರಿಕೆ.

ಜೆರಾಕ್ಸ್ ಮತ್ತು ಅಂಚೆಯ ವೆಚ್ಚವನ್ನು ನಾನೇ ಭರಿಸುತ್ತೇನೆ. ದಪ್ಪಕ್ಷರದ ಪ್ರತಿಯಾದರೆ ಹಗಲಿನಲ್ಲಿ ಅವರೇ ಓದಿಕೊಳ್ಳಬಲ್ಲರು.